ಅನ್ಯಗ್ರಹದ ಸೊಸೆಗೆ ಅರುವ ಯಾರು?

ಪ್ರಿಯ ಲೇಖಕರೇ,

ನಾಪೋಕ್ಲುವಿನಿಂದ ನೀವು ಕಳುಹಿಸಿದ ‘ನೀಲಿ ಬೆಳಕಿನ ಹುಡುಗಿ’ ಕಥೆಯನ್ನು ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾಗುವುದಿಲ್ಲ. ಸಾಮಾನ್ಯವಾಗಿ ಇಷ್ಟನ್ನೇ ಬರೆದು ಹಸ್ತಪ್ರತಿಯನ್ನು ಹಿಂದಿರುಗಿಸುವುದು ನನ್ನ ರೂಢಿ; ಈ ಸಲ ಉದ್ದವಾಗಿ ಬರೆಯಲು ಹದಿನಾಲ್ಕನೆಯ ಪುಟದ ಒಂದು ಪ್ಯಾರಾ ಕಾರಣ.

ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಗ್ರಹದಿಂದ ಕೊಡಗಿನ ತಡಿಯಂಡಮೋಳ್ ಬೆಟ್ಟದ ಮೇಲೆ ಇಳಿದ ಹುಡುಗಿ ಮೂರೇ ದಿನದಲ್ಲಿ ಕನ್ನಡ ಕಲಿತು, ಕಾಫಿ ಬೆಳೆಗಾರ ಮಂದಣ್ಣನನ್ನು ಮೆಚ್ಚಿ, ಅವನ ಮನೆತನದ ಹಿರಿಮನೆಯಾದ ಐನ್‌ಮನೆಗೆ ಸೊಸೆಯಾಗಿ ಬಂದು ಅವಳಿ ಮಕ್ಕಳನ್ನು ಹೆರುತ್ತಾಳೆ. ಅವಳ ಮೈಯ ನೀಲಿ ಬಣ್ಣವೊಂದನ್ನು ಅಳಿಸಿದರೆ ಆಕೆ ಮೈಸೂರಿನಲ್ಲಿ ಓದುತ್ತ ರಜೆಗೆ ಬಂದ ಹುಡುಗಿಯಾಗಿಬಿಡುತ್ತಾಳೆ, ಕಥೆಯಲ್ಲಿ ಬೇರೆ ಏನನ್ನೂ ಬದಲಿಸಬೇಕಾಗುವುದಿಲ್ಲ. ಮಂದಣ್ಣನಾದರೂ ನಿಜವಾದ ಮನುಷ್ಯನೇ ಎಂದರೆ, ಅವನು ಹಬ್ಬ-ಮದುವೆಗೆ ತೊಡುವ ಉದ್ದ ಕೋಟು ಕುಪ್ಯವನ್ನು ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ಗಿಡಗಳಿಗೆ ಗೊಬ್ಬರ ಹಾಕುತ್ತಾನೆ. ಇಷ್ಟು ವರ್ಷ ಈ ಜಿಲ್ಲೆಯಲ್ಲಿದ್ದು ಅಂಥ ಬೆಳೆಗಾರರನ್ನು ನಾನಂತೂ ಕಂಡಿಲ್ಲ.

ಈಗ ಆ ಪ್ಯಾರಾಕ್ಕೆ ಬರುತ್ತೇನೆ. ರಾತ್ರಿ ಕಣದಲ್ಲಿ ಹರವಿದ ಕಾಫಿ ಹಣ್ಣನ್ನು ಒಟ್ಟುಮಾಡಿ, ಟಾರ್ಪಾಲು ಹೊದಿಸಿ ಮಂದಣ್ಣ ಒಳಗೆ ಹೋದ ಮೇಲೆ, ಆ ಹುಡುಗಿ ಟಾರ್ಪಾಲಿನ ಅಂಚೆತ್ತಿ ರಾಶಿಯೊಳಗೆ ಕೈಯಿಟ್ಟು “ಹಗಲು ಇನ್ನೂ ಇಲ್ಲೇ ಇದೆ” ಎನ್ನುತ್ತಾಳೆ. ಅವಳಿಗೆ ಬಿಸಿ ಕಣ್ಣಿಗೆ ಕಾಣುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳಿ, ಮುಂದಿನ ಪುಟದಲ್ಲಿ ಅದನ್ನು ನೀವೇ ಮರೆತಿದ್ದೀರಿ. ನಿಮ್ಮ ಕಥೆ ಇರುವುದು ಆ ಸಾಲಿನಲ್ಲಿ.

ಇದು ಬರಿಯ ಕಲ್ಪನೆಯೂ ಅಲ್ಲ. ಪ್ರಾಕ್ಸಿಮಾ ಒಂದು ಕೆಂಪು ಕುಬ್ಜ ನಕ್ಷತ್ರ. ಅದು ಹೊರಸೂಸುವುದರಲ್ಲಿ ಹೆಚ್ಚಿನ ಪಾಲು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾದ್ದರಿಂದ, ಅಲ್ಲಿ ಹುಟ್ಟಿದ ಜೀವಿಯ ಕಣ್ಣು ಅವಕ್ಕೆ ಹೊಂದಿಕೊಂಡಿದ್ದರೆ ಆಶ್ಚರ್ಯವಿಲ್ಲ. ಮೈಬಿಸಿಯ ಕಿರಣಗಳ ಅಲೆ ಇನ್ನೂ ಉದ್ದ ಎಂದು ಭೌತಶಾಸ್ತ್ರ ಓದಿದವರು ತಕರಾರು ತೆಗೆಯಬಹುದು, ಆದರೆ ಅಷ್ಟು ಸಲಿಗೆಯನ್ನು ಕಥೆಗಾರರಿಗೆ ಕೊಡಲು ನಾನು ಸಿದ್ಧ. ನಮ್ಮ ಮಲಬಾರ್ ಗುಳಿಮಂಡಲ ಹಾವೂ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿಯಿಂದಲೇ ಕತ್ತಲಲ್ಲಿ ಬೇಟೆಯ ಮೈಬಿಸಿಯನ್ನು ಗುರುತಿಸುತ್ತದೆ.

ಹಾಗೆ ನೋಡುವವಳಿಗೆ ಕೊಡಗು ಹೇಗೆ ಕಾಣುತ್ತದೆ ಎಂದು ಒಂದು ಗಳಿಗೆ ಯೋಚಿಸಿ. ಜುಲೈಯಲ್ಲಿ ವಾರಗಟ್ಟಲೆ ಮಳೆ ಹಿಡಿದಾಗ ಕಲ್ಲು, ಮರ, ಮಣ್ಣು ಎಲ್ಲವೂ ಹೆಚ್ಚುಕಡಿಮೆ ಒಂದೇ ತಂಪಿಗೆ ಬಂದು ನಿಲ್ಲುವುದರಿಂದ, ನೀವು ಮೂರು ಪುಟ ವರ್ಣಿಸಿರುವ ಬೆಟ್ಟಸಾಲು ಅವಳ ಪಾಲಿಗೆ ಅಳಿಸಿಹೋಗಿ, ಉಳಿಯುವುದು ಅಡುಗೆಮನೆಯ ಒಲೆ, ಕೊಟ್ಟಿಗೆಯ ದನ ಮತ್ತು ಮಂದಣ್ಣ. ಜಗಲಿಯ ಐಮರದ (ಕೂರುವ ಮರದ ಹಲಗೆಯ) ಮೇಲಿಂದ ಅಜ್ಜ ಎದ್ದುಹೋದ ಮೇಲೂ ಅವರು ಕೂತಿದ್ದ ಗುರುತು ಅವಳಿಗೆ ಸ್ವಲ್ಪ ಹೊತ್ತು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಾಚಿಕೆಯಿಂದ ಮಂದಣ್ಣನ ಮುಖಕ್ಕೆ ರಕ್ತ ನುಗ್ಗಿದರೆ ಅದು ಅವನಿಗೆ ಅರಿವಾಗುವ ಮೊದಲೇ ಅವಳಿಗೆ ತಿಳಿದುಹೋಗುತ್ತದೆ. ಅವನಿಗೆ ಮುಚ್ಚಿಡಲು ಏನೂ ಉಳಿದಿಲ್ಲ, ಆದರೆ ಅವಳ ಮೈಯನ್ನು ಓದಲು ಅವನಿಗೆ ಬರುವುದೇ ಇಲ್ಲ. ಆ ಏರುಪೇರಿನಿಂದ ಹುಟ್ಟುವ ಸಂಕೋಚ, ಸಿಟ್ಟು, ಸಲಿಗೆ ಇವುಗಳನ್ನು ಬರೆದಿದ್ದರೆ ಹದಿನೇಳನೆಯ ಪುಟದ “ನಮ್ಮಿಬ್ಬರ ಆತ್ಮಗಳು ಒಂದೇ” ಎಂಬ ಸಂಭಾಷಣೆ ನಿಮಗೆ ಬೇಕಾಗುತ್ತಿರಲಿಲ್ಲ.

ಲೆಕ್ಕದ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ-ಬಿ ಗ್ರಹ ತನ್ನ ನಕ್ಷತ್ರವನ್ನು ಸುಮಾರು 11.2 ದಿನಕ್ಕೊಮ್ಮೆ ಸುತ್ತುತ್ತದೆ. ನಿಮ್ಮ ನಾಯಕಿ “ನಮ್ಮ ಗ್ರಹದ ಲೆಕ್ಕದಲ್ಲಿ ನನಗೆ 20 ವರ್ಷ” ಎಂದಾಗ ಅದು ನಮ್ಮ 224 ದಿನ, ಅಂದರೆ ಎಂಟು ತಿಂಗಳೂ ತುಂಬದ ಕೂಸು! ಅವಳಿ ಮಕ್ಕಳ ವಿಚಾರವನ್ನು ಕೈಬಿಡಿ. 64 ವರ್ಣತಂತುಗಳ ಕುದುರೆಗೂ 62 ವರ್ಣತಂತುಗಳ ಕತ್ತೆಗೂ ಹುಟ್ಟುವ ಹೇಸರಗತ್ತೆಗೇ ಸಾಮಾನ್ಯವಾಗಿ ಸಂತಾನವಿಲ್ಲ, ಅದೂ ಅವೆರಡೂ ಹತ್ತಿರದ ದಾಯಾದಿಗಳಾಗಿದ್ದು. ಇಲ್ಲಿ ಇಬ್ಬರಿಗೂ ಒಂದೇ ಮೂಲವೂ ಇಲ್ಲ.

ಮದುವೆಯ ಪ್ರಕರಣ ಮಾತ್ರ ಬೇಗ ಮುಗಿಸುವಂಥದ್ದಲ್ಲ. “ಹಿರಿಯರು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು” ಎಂದು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಕೊಡವರ ಮದುವೆ ಒಕ್ಕಕ್ಕೂ ಒಕ್ಕಕ್ಕೂ, ಅಂದರೆ ಮನೆತನಕ್ಕೂ ಮನೆತನಕ್ಕೂ, ನಡೆಯುವ ಸಂಬಂಧ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸಂಬಂಧ ಕೊಡುವ ಶಾಸ್ತ್ರದಲ್ಲಿ ಎರಡೂ ಕಡೆಯ ಪರವಾಗಿ ಮಾತಾಡುವ ಹಿರಿಯರಾದ ಅರುವರು ಎದುರುಬದುರು ನಿಂತು ಪ್ರಶ್ನೋತ್ತರದ ಮೂಲಕ ಹೆಣ್ಣಿಗೆ ಹೊಸ ಒಕ್ಕದ ಹಕ್ಕನ್ನು ಕೊಡಿಸುತ್ತಾರೆ. ಅಲ್ಲಿ ಇವಳ ಪರವಾಗಿ ನಿಲ್ಲುವ ಅರುವ ಯಾರು? ಅವಳ ತಾಯಿಯನ್ನು ಕೇಳೋಣವೆಂದರೆ, ನಿಮ್ಮ ಕಥೆಯಲ್ಲಿ ಸಂಜೆ ಕೇಳಿದ ಪ್ರಶ್ನೆಗೆ ರಾತ್ರಿ ಊಟದ ಹೊತ್ತಿಗೆ ಉತ್ತರ ಬರುತ್ತದೆ. ಪ್ರಾಕ್ಸಿಮಾ ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ. ಬೆಳಕಿನ ವೇಗದಲ್ಲಿ ಹೋದ ಪ್ರಶ್ನೆಗೆ ಉತ್ತರ ಬರಲು ಸುಮಾರು ಎಂಟೂವರೆ ವರ್ಷ ಬೇಕು. ಇದನ್ನು ತಪ್ಪೆಂದು ತಿದ್ದಿ ಸುಮ್ಮನಾಗಬೇಡಿ, ಕಥೆಗೆ ಬಳಸಿಕೊಳ್ಳಿ. ಕೇಳಿದ ದಿನ ನೆಟ್ಟ ರೊಬಸ್ಟಾ ಕಾಫಿ ಗಿಡ ನಾಲ್ಕೈದು ಫಸಲು ಕೊಟ್ಟಿರುತ್ತದೆ, ಐಮರದ ಮೇಲೆ ಕೂರುತ್ತಿದ್ದ ಅಜ್ಜ ಇರುತ್ತಾರೋ ಇಲ್ಲವೋ, ಉತ್ತರ ಬೇಡವೆಂದು ಬಂದರೆ ಮುಂದೇನು ಎಂಬುದೂ ಗೊತ್ತಿಲ್ಲ.

ಇಂಥ ವಸ್ತು ಇಂಗ್ಲಿಷ್ ಸಿನಿಮಾಗಳದ್ದು, ಕನ್ನಡಕ್ಕೆ ಒಗ್ಗೀತೇ ಎಂದು ಪತ್ರದಲ್ಲಿ ಅಂಜಿಕೆ ತೋಡಿಕೊಂಡಿದ್ದೀರಿ. ಆ ಅಂಜಿಕೆ ಬೇಡ. ಪುರೂರವ ಮತ್ತು ಊರ್ವಶಿಯರ ಸಂವಾದ ಋಗ್ವೇದದ ಹತ್ತನೆಯ ಮಂಡಲದಲ್ಲೇ ಇದೆ. ಮುಂದೆ ಬೆಳೆದ ಆ ಕಥೆಯಲ್ಲಿ ಊರ್ವಶಿ ಷರತ್ತು ಹಾಕಿಯೇ ಭೂಮಿಯವನೊಂದಿಗೆ ಇರಲು ಒಪ್ಪುತ್ತಾಳೆ, ಒಂದು ಮಿಂಚಿನ ಬೆಳಕಿನಲ್ಲಿ ಷರತ್ತು ಮುರಿದಾಗ ಹೊರಟುಹೋಗುತ್ತಾಳೆ. ನಿಮ್ಮ ಹುಡುಗಿ ಯಾವ ಷರತ್ತನ್ನೂ ಹಾಕುವುದಿಲ್ಲ, ಏನನ್ನೂ ಕಳೆದುಕೊಳ್ಳುವುದಿಲ್ಲ, ಒಮ್ಮೆಯೂ ತನ್ನ ಆಕಾಶದ ಕಡೆ ನೋಡುವುದಿಲ್ಲ.

ತಿದ್ದುವ ಮನಸ್ಸಿದ್ದರೆ ಮೊದಲ ಹದಿಮೂರು ಪುಟಗಳನ್ನು ಬಿಟ್ಟು, ಕಣದ ರಾತ್ರಿಯಿಂದಲೇ ಆರಂಭಿಸಿ, ಆರು ಸಾವಿರ ಪದಗಳೊಳಗೆ ಬರೆದು ಕಳುಹಿಸಿ. ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ತಲುಪಿದರೆ ಅನುಕೂಲ. ಆಮೇಲೆ ತೋಟದ ಕೆಲಸದಲ್ಲಿ ನಿಮಗೂ ಬಿಡುವಿರುವುದಿಲ್ಲ. ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ, ಹದಿನಾಲ್ಕನೆಯ ಪುಟದಲ್ಲಿ ಪೆನ್ಸಿಲ್ ಗುರುತಿದೆ.

ಇತಿ,
ಸಂಪಾದಕ
ಮಡಿಕೇರಿ