ದಾವಣಗೆರೆಯಲ್ಲಿ ಹೊಸದಾಗಿ ಸೇರಿದ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ಕನಿಷ್ಠ ಏನೇನು ಬರಬೇಕು?

ಕಾಯಿಲೆ ಬಿದ್ದವರಿಗೆ ಉಡುವ, ಉಣ್ಣುವಂಥ ದಿನನಿತ್ಯದ ಕೆಲಸ ಮತ್ತೆ ಮಾಡಲು ಕಲಿಸುವವರು ಇವರು. ಆಕ್ಯುಪೇಷನಲ್ ಥೆರಪಿಸ್ಟ್‌ಗಳ ವಿಶ್ವ ಒಕ್ಕೂಟದ ಮಾನದಂಡದಂತೆ ಓದುವಾಗಲೇ ಕನಿಷ್ಠ 1000 ಗಂಟೆ ಪ್ರಾಯೋಗಿಕ ತರಬೇತಿ ಆಗಿರಬೇಕು. ಗಂಟೆ ಎಣಿಸಿದರೆ ಸಾಲದು, ಕೈಕೆಲಸ ನೋಡಿ. ಪಾರ್ಶ್ವವಾಯು ಆದವರಿಗೆ ಅಂಗಿ ಹಾಕುವಾಗ ಸೋತ ಕೈ ಮೊದಲು ಅಂಗಿಯ ತೋಳಿಗೆ ಹೋಗಬೇಕು. ಬಿಚ್ಚುವಾಗ ಅದೇ ಕೊನೆಗೆ. ಗಾಲಿಕುರ್ಚಿಯನ್ನು ರೋಗಿಯ ಗಟ್ಟಿಯಿರುವ ಬದಿಗೆ, ಮಂಚಕ್ಕೆ ಓರೆಯಾಗಿ ನಿಲ್ಲಿಸಿ, ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಿದ ಮೇಲೆಯೇ ಎಬ್ಬಿಸಬೇಕು. ಹೊಸಬರು ಎಡವುವುದು ಇಲ್ಲೇ: ಸೋತ ಕೈಯನ್ನೇ ಹಿಡಿದು ಜಗ್ಗುತ್ತಾರೆ. ಸ್ನಾಯು ಸಡಿಲವಾಗಿರುವುದರಿಂದ ಭುಜದ ಕೀಲು ಜಾರಿ, ನೋವು ತಿಂಗಳುಗಟ್ಟಲೆ ಕಾಡಬಹುದು.

ಗುರಿ ಬರೆಯುವುದೂ ಬರಬೇಕು. ‘ಕೈಬಲ ಹೆಚ್ಚಿಸುವುದು’ ಅನ್ನುವುದು ಗುರಿಯೇ ಅಲ್ಲ. ‘3 ವಾರದಲ್ಲಿ ಬಲಗೈಯಿಂದ ಮಂಡಕ್ಕಿ ಚೆಲ್ಲದೆ ತಿನ್ನುವುದು’ ಎಂದರೆ ಅಳೆಯಬಹುದು. ದಾವಣಗೆರೆಯವರಿಗೆ ಬೇರೆ ಪರೀಕ್ಷೆ ಯಾಕೆ! ಮನೆಗೆ ಬಂದ ಥೆರಪಿಸ್ಟ್ ಹೊಸ್ತಿಲ ಎತ್ತರ, ಬಚ್ಚಲ ಬಾಗಿಲ ಅಗಲವನ್ನು ಟೇಪ್ ಹಿಡಿದು ಅಳೆಯದಿದ್ದರೆ ಕೇಳಿ ಅಳೆಸಿ.