ಬಿಡುವಿನಲ್ಲೂ ಬರೆಯುತ್ತಿದ್ದ ಹುಡುಗಿ

(ತಂದೆತಾಯಿಯ ಒಪ್ಪಿಗೆ ಪಡೆದು ಬರೆದ ಪ್ರಕರಣ. ಹೆಸರನ್ನೂ ಗುರುತು ಹತ್ತುವಂಥ ವಿವರಗಳನ್ನೂ ಬದಲಿಸಿದ್ದೇನೆ.)

ಅನಘಾ ನಾಲ್ಕನೆಯ ತರಗತಿಯ ಹುಡುಗಿ. ತೀರ್ಥಹಳ್ಳಿ ಸೀಮೆಯ ಒಂಟಿಮನೆಯವಳು. ಅಡಿಕೆ ತೋಟದ ಅಂಚಿನಲ್ಲಿ ಮನೆ, ಪಕ್ಕದ ಮನೆಗೆ ಹೋಗಲು ಹಳ್ಳ ದಾಟಬೇಕು. ಬೆಳಿಗ್ಗೆ ಏಳೂವರೆಗೆ ಅಜ್ಜಿಯ ಜೊತೆ ರಸ್ತೆಗೆ ಬಂದು ಶಾಲೆಯ ವ್ಯಾನ್ ಹತ್ತುತ್ತಾಳೆ. ಸಂಜೆ ಮನೆ ಮುಟ್ಟುವಾಗ ದೇವರಿಗೆ ದೀಪ ಹಚ್ಚುವ ಹೊತ್ತು.

ಜೂನ್ ಕೊನೆಯಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಕ್ಕುಳ ಸುತ್ತ ಹಿಂಡುತ್ತಿತ್ತು. ಭಾನುವಾರ ಇಲ್ಲ. ಮಳೆಗೆ ರಜೆ ಎಂದು ಮೊಬೈಲಿಗೆ ಸುದ್ದಿ ಬಂದ ದಿನ ಗಂಜಿ ಕುಡಿಯುವಷ್ಟರಲ್ಲಿ ಇಳಿಯುತ್ತಿತ್ತು. ಮಕ್ಕಳ ವೈದ್ಯರು ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ, ದೋಷವೇನೂ ಇಲ್ಲವೆಂದು ಆಪ್ತಸಲಹೆಗೆ ಶಿವಮೊಗ್ಗಕ್ಕೆ ನನ್ನ ಬಳಿ ಕಳಿಸಿದರು.

"ನಾಟಕ ಮೇಡಂ, ಶಾಲೆ ತಪ್ಪಿಸಲು" ಎಂದರು ತಂದೆ. ಮೊದಲು ಆ ಮಾತನ್ನೇ ತಿದ್ದಬೇಕಾಯಿತು. ಆತಂಕದಿಂದ ಬರುವ ಹೊಟ್ಟೆನೋವು ನಿಜವಾದ ನೋವೇ. ಮಿದುಳಿಗೂ ಕರುಳಿಗೂ ನರಗಳ ನೇರ ಸಂಪರ್ಕವಿದೆ. ತನ್ನ ಹೆದರಿಕೆಗೆ ಇನ್ನೂ ಮಾತು ಕೊಡಲಾಗದ ವಯಸ್ಸಿನಲ್ಲಿ ಅದು ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದು ತೀರ ಸಾಮಾನ್ಯ. ಮಗುವಿಗೆ "ಸುಳ್ಳು ಹೇಳಬೇಡ" ಎಂದರೆ ನೋವಿನ ಜೊತೆ ಅವಮಾನವೂ ಸೇರುತ್ತದೆ, ಅಷ್ಟೇ.

ಅನಘಾಳನ್ನು ಶಾಲೆ ಇಷ್ಟವೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಗೆ ಮಕ್ಕಳು ದೊಡ್ಡವರಿಗೆ ಬೇಕಾದ ಉತ್ತರ ಕೊಡುತ್ತಾರೆ. ದಿನವನ್ನು ಗಂಟೆ ಗಂಟೆಯಾಗಿ ಹೇಳಲು ಹೇಳಿದೆ. ಪ್ರಾರ್ಥನೆ, ಗಣಿತ, ಇಂಗ್ಲಿಷ್, ಆಮೇಲೆ ಇಂಟರ್ವಲ್.

"ಇಂಟರ್ವಲ್‌ನಲ್ಲಿ ಏನು ಮಾಡುತ್ತೀಯ?"

"ಬರೆಯುತ್ತೇನೆ."

"ಊಟ ಆದ ಮೇಲೆ?"

"ಬರೆಯುತ್ತೇನೆ."

"ಶಾಲೆಯಲ್ಲಿ ನಿನ್ನ ಗೆಳತಿ ಯಾರು?"

ತುಂಬ ಹೊತ್ತು ಯೋಚಿಸಿ ವ್ಯಾನಿನ ಮಾವನ ಹೆಸರು ಹೇಳಿದಳು.

ಅವಳ ಬರವಣಿಗೆ ನಿಧಾನ. ಹಲಗೆಯ ಮೇಲಿನ ಪ್ರಶ್ನೋತ್ತರವನ್ನು ಪೂರ್ತಿ ಇಳಿಸಿಕೊಳ್ಳುವುದರೊಳಗೆ ಗಂಟೆ ಹೊಡೆಯುತ್ತದೆ. ಬರೆದು ಮುಗಿಸದವರು ಬಿಡುವಿನಲ್ಲಿ ತರಗತಿಯಲ್ಲೇ ಕೂತು ಮುಗಿಸಬೇಕೆಂಬುದು ಆ ಶಾಲೆಯ ರೂಢಿ. ಶೌಚಾಲಯಕ್ಕೆ ಹೋದ ಹೊತ್ತೂ ನಷ್ಟವೆಂದು ಅವಳು ಸಂಜೆಯವರೆಗೂ ತಡೆದುಕೊಳ್ಳುತ್ತಿದ್ದಳು. ಇದು ತಾಯಿಗೂ ಗೊತ್ತಿರಲಿಲ್ಲ.

ಇದನ್ನು ಪೇಟೆಯ ಕಣ್ಣಿನಿಂದ ನೋಡಿದರೆ ಸಣ್ಣ ವಿಷಯವೆನಿಸಬಹುದು. ಪೇಟೆಯ ಮಗುವಿಗೆ ಸಂಜೆ ಬೀದಿ ಇದೆ, ಪಾರ್ಕ್ ಇದೆ, ಎದುರುಮನೆಯ ಮಕ್ಕಳಿದ್ದಾರೆ. ನಮ್ಮ ಒಂಟಿಮನೆಗಳ ಮಗುವಿಗೆ ಸರೀಕರು ಸಿಗುವುದು ಶಾಲೆಯಲ್ಲಿ ಮಾತ್ರ. ಅಲ್ಲಿಯೂ ಪಾಠದ ಹೊತ್ತಿನಲ್ಲಿ ಮಾತಾಡುವಂತಿಲ್ಲ. ಉಳಿಯುವುದು ಸಣ್ಣ ಬಿಡುವು ಮತ್ತು ಊಟದ ನಂತರದ ಅರ್ಧ ಗಂಟೆ. ಅನಘಾಳ ಇಡೀ ದಿನದಲ್ಲಿ ಇನ್ನೊಂದು ಮಗುವಿನೊಂದಿಗೆ ಜಗಳವಾಡಿ, ಸೋತು, ಸಿಟ್ಟಾಗಿ, ಮತ್ತೆ ರಾಜಿಯಾಗಲು ಸಿಗುತ್ತಿದ್ದ ಹೊತ್ತು ಅಷ್ಟೇ. ಕಾಪಿ ಪುಸ್ತಕಕ್ಕಾಗಿ ಕಿತ್ತುಕೊಂಡದ್ದು ಅದನ್ನು. ಪ್ರಕರಣದ ತಿರುಳು ಇದೇ ಎಂದು ನನಗೆ ಆಗಲೇ ಅನಿಸಿತ್ತು, ಈಗಲೂ ಹಾಗೆಯೇ ಅನಿಸುತ್ತದೆ.

ತಂದೆಗೆ ಒಪ್ಪಿಗೆಯಾಗಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿಯ ನಡುವೆ ಬಂದಿದ್ದರು. "ಆಡಲು ಕಳಿಸುವುದಕ್ಕೆ ಇಷ್ಟು ಫೀಸು ಕೊಡಬೇಕೇ? ಮುಂದಿನ ವರ್ಷ ಗಾಜನೂರಿನ ನವೋದಯಕ್ಕೆ ಪರೀಕ್ಷೆ ಬರೆಸಬೇಕು" ಎಂದರು. ಅವರ ಆಸೆ ತಪ್ಪಲ್ಲ. ಆದರೆ ಆ ವಸತಿ ಶಾಲೆಯ ಪ್ರವೇಶ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯದವು. ದುಂಡಗೆ ನಕಲು ಬರೆಯುವ ಅಭ್ಯಾಸ ಅಲ್ಲಿ ನೆರವಾಗದು. ಇನ್ನೊಂದನ್ನೂ ಹೇಳಿದೆ. ಅಮೆರಿಕದಲ್ಲಿ ಎಂಟು, ಒಂಬತ್ತು ವರ್ಷದ ಸುಮಾರು 11 ಸಾವಿರ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಬಿಡುವು ಸಿಗುವ ಮಕ್ಕಳ ತರಗತಿಯ ನಡವಳಿಕೆಗೆ ಶಿಕ್ಷಕರು ಕೊಟ್ಟ ಅಂಕ ಹೆಚ್ಚಿತ್ತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ, ಶಿಕ್ಷೆಯ ಕಾರಣಕ್ಕಾಗಲೀ ಓದಿನ ಕಾರಣಕ್ಕಾಗಲೀ ಬಿಡುವನ್ನು ಕಸಿಯಬಾರದೆಂದು ಸ್ಪಷ್ಟವಾಗಿ ಬರೆಯಿತು. ಪಿ.ಟಿ. ಪೀರಿಯಡ್ ಇದೆಯಲ್ಲ ಎಂಬ ಮಾತಿಗೂ ಅಲ್ಲಿ ಉತ್ತರವಿದೆ: ಅದು ಬಿಡುವಿನ ಬದಲಿ ಅಲ್ಲ. ಪಿ.ಟಿ.ಯಲ್ಲಿ ಸೀಟಿ ಊದುವವರು ದೊಡ್ಡವರು. ಬಿಡುವಿನಲ್ಲಿ ಲಗೋರಿಯ ನಿಯಮ ಮಾಡುವವರೂ ಮುರಿಯುವವರೂ ಮಕ್ಕಳೇ.

ತಂದೆ ಪೂರ್ತಿ ಒಪ್ಪಿದರೆಂದು ಹೇಳಲಾರೆ. "ಹೊಟ್ಟೆನೋವು ಹೋಗುವುದಾದರೆ ಸರಿ" ಎಂದರು. ನನಗೆ ಸದ್ಯಕ್ಕೆ ಅಷ್ಟು ಸಾಕಿತ್ತು.

ಅವರ ಅನುಮತಿ ಪಡೆದು ತರಗತಿ ಶಿಕ್ಷಕಿಯೊಂದಿಗೆ ಫೋನಿನಲ್ಲಿ ಮಾತಾಡಿದೆ. ಕೆಟ್ಟವರಲ್ಲ, ದಣಿದವರು. ಜುಲೈನಲ್ಲಿ ಮಳೆ ರಜೆ, ಅದನ್ನು ತುಂಬಿಸಲು ಶನಿವಾರ ಪೂರ್ತಿ ದಿನ. ಮೈದಾನ ಕೆಸರು, ಅಂಚಿನ ಹುಲ್ಲಿನಲ್ಲಿ ಉಂಬಳ. ಒಂದು ಮಗು ಜಾರಿಬಿದ್ದು ಕೈ ಮುರಿದುಕೊಂಡರೆ ಕೇಳುವುದು ಅವರನ್ನೇ. ನೋಟ್ಸ್ ಅಪೂರ್ಣವಾಗಿದ್ದರೆ ವಾಟ್ಸಾಪ್ ಗುಂಪಿನಲ್ಲಿ ದೂರುವವರೂ ಪೋಷಕರೇ. ಪೋಷಕರಿಗೆ ಇದನ್ನು ನಾನು ಒತ್ತಿ ಹೇಳಿದೆ: ಶಿಕ್ಷಕಿಯ ಮೇಲೆ ಏರಿಹೋದರೆ ಮಗುವಿಗೆ ಲಾಭವಿಲ್ಲ. ಬೇಡಿಕೆಯನ್ನೂ ನೆರವನ್ನೂ ಒಟ್ಟಿಗೆ ಒಯ್ಯಿರಿ.

ಕಾನೂನು ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಶಾಲೆಗೆ ಆಟದ ಮೈದಾನ, ಆಟದ ಸಾಮಗ್ರಿ ಇರಲೇಬೇಕು. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ಎಂದು ಅದೇ ಅನುಸೂಚಿ ಹೇಳುತ್ತದೆ. ಅಂದರೆ ದಿನಕ್ಕೆ ನಾಲ್ಕು ಗಂಟೆ. ಅನಘಾ ಶಾಲೆಯ ಆವರಣದಲ್ಲಿ ಏಳು ಗಂಟೆಗೂ ಹೆಚ್ಚು ಇರುತ್ತಾಳೆ. ಆದ್ದರಿಂದ "ಸಮಯವಿಲ್ಲ" ಎಂಬ ಮಾತು ನಿಲ್ಲುವುದಿಲ್ಲ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 17ನೆಯ ಕಲಂ ನಿಷೇಧಿಸುತ್ತದೆ. ಮಗುವನ್ನು ತರಗತಿಯಲ್ಲಿ ತಡೆದಿಡುವುದನ್ನು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಶಿಕ್ಷೆಯೆಂದೇ ಎಣಿಸಿದೆ. ಆದರೆ ಇದನ್ನು ಮೊದಲ ಭೇಟಿಯಲ್ಲೇ ಮೇಜಿನ ಮೇಲೆ ಇಡಬೇಡಿ ಎಂದೆ. ಮಾತುಕತೆ ಮುರಿದರೆ ಮಾತ್ರ ಅದು ಬೇಕಾಗುತ್ತದೆ.

ಮನೆಯವರಿಗೆ ಕೊಟ್ಟ ಸಲಹೆ ಸರಳವಾಗಿತ್ತು. ನೋವನ್ನು ನಂಬಿ, ಆದರೆ ಅದರ ಸುತ್ತ ದಿನವಿಡೀ ಮಾತು ಬೇಡ. ವ್ಯಾನ್ ತಪ್ಪಿಸುವುದು ಬೇಡ. ತಪ್ಪಿಸಿದಷ್ಟೂ ಮರಳುವುದು ಕಷ್ಟ. ಕಣ್ಣಿನ ಪರೀಕ್ಷೆ ಮಾಡಿಸಿ, ಹಲಗೆ ಸರಿಯಾಗಿ ಕಾಣದಿರುವುದರಿಂದಲೂ ಬರವಣಿಗೆ ನಿಧಾನವಾಗಬಹುದು. ಕಣ್ಣು ಸರಿಯಿದ್ದೂ ನಿಧಾನ ಉಳಿದರೆ ಕಲಿಕೆಯ ನಿರ್ದಿಷ್ಟ ತೊಂದರೆ ಇದೆಯೇ ಎಂದು ನೋಡೋಣ. ವಾರಕ್ಕೊಂದು ಸಂಜೆಯಾದರೂ ಹಳ್ಳದಾಚೆಯ ಮನೆಯ ಮಗುವನ್ನು ಕರೆತನ್ನಿ. ನೋವಿಗೆ ರಾತ್ರಿ ಎಚ್ಚರವಾದರೆ, ಜ್ವರ, ವಾಂತಿ ಬಂದರೆ, ತೂಕ ಇಳಿದರೆ ನನಗಾಗಿ ಕಾಯದೆ ವೈದ್ಯರ ಬಳಿ ಹೋಗಿ.

ಕಣ್ಣು ಸರಿಯಿತ್ತು. ಶಾಲೆಯವರು ಸಣ್ಣ ಬಿಡುವಿನಲ್ಲಿ ಯಾರನ್ನೂ ಕೂರಿಸುವುದಿಲ್ಲವೆಂದು ಒಪ್ಪಿದರು. ಅನಘಾ ಉತ್ತರವನ್ನಷ್ಟೇ ಬರೆದರೆ ಸಾಕು, ಪ್ರಶ್ನೆಗಳ ಹಾಳೆಯನ್ನು ಅಂಟಿಸಿಕೊಡುತ್ತಾರೆ. ಊಟದ ಬಿಡುವಿನಲ್ಲಿ, ಕಿರುಪರೀಕ್ಷೆಯ ವಾರಗಳಲ್ಲಿ, ಒಂದು ವಿಷಯದ ಶಿಕ್ಷಕರು ಈಗಲೂ ಕೂರಿಸುತ್ತಾರೆ. ಆ ವಾರ ನೋವು ಬರುತ್ತದೆ. ಉಳಿದಂತೆ ದಸರಾ ರಜೆಯ ಹೊತ್ತಿಗೆ ಬಹಳ ಕಡಿಮೆಯಾಗಿತ್ತು. ಕುಂಟೆಬಿಲ್ಲೆ ಆಡುವ ಗೆಳತಿಯೊಬ್ಬಳ ಹೆಸರೂ ಈಗ ಬಾಯಲ್ಲಿದೆ, ಅವಳು ಮೋಸ ಮಾಡುತ್ತಾಳೆಂಬ ದೂರಿನ ಸಮೇತ.

ಅದೇ ವ್ಯಾನಿನ ಇನ್ನೂ ಕೆಲವು ಮಕ್ಕಳು ಹೀಗೆಯೇ ಕೂರುತ್ತಿದ್ದರೆಂದು ತಾಯಿಗೆ ಆಮೇಲೆ ತಿಳಿಯಿತು. ಆ ಮನೆಯವರೂ ಸೇರಿ ಸಹಿ ಮಾಡಿದ ಅರ್ಜಿ ಇದು. ಸರ್ಕಾರಿ ಶಾಲೆಯಾಗಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೊಡಬಹುದು. ಇವರು ಪೋಷಕರ ಸಭೆಯಲ್ಲಿ ಕೊಟ್ಟಿದ್ದಾರೆ. ಬೇಕಾದವರು ಬಳಸಿಕೊಳ್ಳಿ:

"ಮಾನ್ಯ ಮುಖ್ಯೋಪಾಧ್ಯಾಯರೇ, ನಮ್ಮ ಮಕ್ಕಳಿಗೆ ಮನೆಯ ಹತ್ತಿರ ಆಡಲು ಜೊತೆಯಿಲ್ಲ. ಬರವಣಿಗೆ ಉಳಿದರೂ, ತಪ್ಪು ಮಾಡಿದರೂ ಎರಡೂ ಬಿಡುವುಗಳಲ್ಲಿ ಮಕ್ಕಳನ್ನು ಹೊರಗೆ ಬಿಡಬೇಕೆಂದು ಕೋರುತ್ತೇವೆ. ಉಳಿದ ಬರವಣಿಗೆಯ ಬಗ್ಗೆ ನಾವು ದೂರುವುದಿಲ್ಲ. ಮಳೆಗಾಲದಲ್ಲಿ ಜಗಲಿಯಲ್ಲಿ ಕುಂಟೆಬಿಲ್ಲೆ, ಚೌಕಾಬಾರದ ಮನೆಗಳನ್ನು ಬಣ್ಣದಲ್ಲಿ ಬರೆಸಿಕೊಡುತ್ತೇವೆ, ಅಳಗುಳಿ ಮಣೆಗಳನ್ನು ತಂದುಕೊಡುತ್ತೇವೆ. ಆ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಸರದಿಯಂತೆ ನಮ್ಮಲ್ಲೊಬ್ಬರು ಬರುತ್ತೇವೆ."