ಮನೆಯವರು ಪ್ಲಾಸ್ಟಿಕ್ ಕಸ ಬೇರೆ ಮಾಡಿ ಕೊಡುವುದು ಯಾವುದರ ಮೇಲೆ ನಿಂತಿದೆ?

ಮುಖ್ಯವಾಗಿ ಕಸದ ಗಾಡಿಯ ಮೇಲೆ. ಬೆಂಗಳೂರಿನಲ್ಲಿ 2015ರ ಹೈಕೋರ್ಟ್ ಆದೇಶದಿಂದ ಎರಡು ಬುಟ್ಟಿ, ಒಂದು ಚೀಲ ಕಡ್ಡಾಯ: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪಿಗೆ ಡೈಪರ್, ಪ್ಯಾಡ್, ಚೀಲಕ್ಕೆ ಪ್ಲಾಸ್ಟಿಕ್, ಕಾಗದದಂಥ ಒಣ ಕಸ. ಒಣ ಕಸದ ಗಾಡಿ ಹೇಳಿದ ದಿನ ಬಂದರೆ ಜನ ಎತ್ತಿಡುತ್ತಾರೆ; ಎರಡು ವಾರ ತಪ್ಪಿದರೆ ಎಲ್ಲವೂ ಒಂದೇ ಬುಟ್ಟಿಗೆ. ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯಲ್ಲೇ ಬೆರೆಸುವುದು ಕಣ್ಣಿಗೆ ಬಿದ್ದರಂತೂ ಮುಗಿಯಿತು.

ಇನ್ನೊಂದು ಅಡ್ಡಿ ವಾಸನೆ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ (ಆ ಚೂರು ಯಾರ ಕೈಗೂ ಸಿಗುವುದಿಲ್ಲ). ಸೀಳಿ, ಅಲುಬಿ, ಸಿಂಕಿನ ಮೇಲೆ ಕ್ಲಿಪ್ ಹಾಕಿ ಒಣಗಿಸಿ. ಒದ್ದೆ ಕವರ್ ಒಂದಿದ್ದರೂ ಚೀಲ ನಾರುತ್ತದೆ, ಜೊತೆಗಿದ್ದ ಕಾಗದವೂ ಹಾಳು. ಬಾಟಲಿಗೆ ಗುಜರಿಯವರು ಕಾಸು ಕೊಡುತ್ತಾರೆ, ಚಿಪ್ಸ್ ಪ್ಯಾಕೆಟ್ಟಿಗೆ ಕೊಡುವುದಿಲ್ಲ. ಹಾಗಾಗಿ ಅದನ್ನು ಎತ್ತಿಡುವವರೂ ಕಡಿಮೆ.